ಕಪಾಟಿನೊಳಗಿನ ವಿಲಾಯತಿ

ಕಲಿತ ನರ್ಸಬಾಯಿಯೊಬ್ಬಳ ಕಾಗದವನ್ನು ಆರು ತಿಂಗಳು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಹಾಕಿದವರು ಕಳ್ಳರಲ್ಲ, ಸರಕಾರದ ಸಂಬಳ ತಿನ್ನುವವರು. ಇದು ತಪ್ಪು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆದರೆ ನಕ್ಕು ಎದ್ದು ಹೋದರೆ ಆ ಕಪಾಟಿಗೆ ನೀವು ಎರಡನೇ ಬೀಗ.

ನಾನು ಮೂರನೇ ಇಯತ್ತೆ ದಾಟಿದವನಲ್ಲ. ಕಾಯಿದೆ ಕಲಿತದ್ದು ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಡುತ್ತಿದ್ದ ಹಳೇ ಗೆಝೆಟ್ಟಿನ ಹಾಳೆಗಳಿಂದ. ಇರುವೆ ಕೊಡವಿ ಓದುತ್ತಿದ್ದೆ. ಈಗ ಶಿರಸಿಯ ಬಸ್ ಸ್ಟ್ಯಾಂಡಿನ ಹತ್ತಿರ ಮೇಜು ಹಾಕಿಕೊಂಡು ಬರೆಯಲು ಬಾರದವರ ಅರ್ಜಿ ಬರೆಯುತ್ತೇನೆ. ಅರ್ಜಿಗೆ ಉತ್ತರ ಬಾರದಿದ್ದರೆ ಆ ಕಚೇರಿಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತೇನೆ. ಇಷ್ಟು ವರ್ಷದಲ್ಲಿ ಒಂದು ಮಾತು ಕಂಡುಕೊಂಡಿದ್ದೇನೆ: ಮಳೆ ಒಂದು ವರ್ಷ ತಪ್ಪೀತು, ಕಚೇರಿಯಲ್ಲಿ ಇಂಥ ಪ್ರಸಂಗ ಒಂದು ವಾರ ತಪ್ಪುವುದಿಲ್ಲ.

ಕಚೇರಿ ಶಿರಸಿಯದೋ, ಸಿದ್ದಾಪುರದ್ದೋ, ಯಲ್ಲಾಪುರದ್ದೋ ಹೇಳುವುದಿಲ್ಲ. ಹೇಳಿದರೆ ಒಂದೂರಿನವರು ತಲೆ ತಗ್ಗಿಸಿ ಉಳಿದ ಎರಡೂರಿನವರು ನಗುತ್ತಾರೆ. ಹೇಳದಿದ್ದರೆ ಮೂರೂ ಊರಿನವರು ತಮ್ಮದೇ ಎಂದು ತಿಳಿದು ತಲೆ ತಗ್ಗಿಸುತ್ತಾರೆ. ಅದೇ ಸರಿ.

ನರ್ಸಬಾಯಿ ಬನವಾಸಿ ಕಡೆಯವಳು. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಕಲಿತು, ಸರ್ಟಿಫಿಕೇಟು ಪಡೆದು, ನಮ್ಮ ಕಡೆಯ ದವಾಖಾನೆಗೆ ಬಂದು ಆರು ವರ್ಷವಾಗಿತ್ತು. ಹೆರಿಗೆ ಅವಳೇ, ಸೂಜಿ ಅವಳೇ, ಗಾಯ ಹೊಲಿಯುವವಳೂ ಅವಳೇ. ಆ ದವಾಖಾನೆಯಲ್ಲಿ ಡಾಕ್ಟರಿಗೆ ಕುರ್ಚಿಯಿತ್ತು, ಔಷಧ ಕಲಸುವವನಿಗೆ ಸ್ಟೂಲಿತ್ತು, ರೋಗಿಗೆ ಬೆಂಚಿತ್ತು. ನರ್ಸಬಾಯಿಗೆ ಏನೂ ಇರಲಿಲ್ಲ. ಆರು ವರ್ಷ ನಿಂತಿದ್ದಳು. ಕುರ್ಚಿಗೆಂದು ನಾನೇ ಒಂಬತ್ತು ಅರ್ಜಿ ಬರೆದುಕೊಟ್ಟಿದ್ದೆ.

ಅವಳ ಜೊತೆ ಕಲಿತ ಗೆಳತಿಯೊಬ್ಬಳು ವಿಲಾಯತಿಯ ಆಸ್ಪತ್ರೆ ಸೇರಿದ್ದಳು. ಅಲ್ಲಿಂದ ಬರೆದಳು: ‘ಇಲ್ಲಿ ನರ್ಸಿಗೆ ಬೇರೆ ಖೋಲಿ, ಖೋಲಿಯಲ್ಲಿ ಕುರ್ಚಿ, ಮೇಲೆ ಇನ್ನೂ ಎರಡು ವರ್ಷದ ಕಲಿಕೆ. ನೀನೂ ಬಾ.’ ಇವಳು ಬರೆದಳು, ಆಸ್ಪತ್ರೆಯವರು ಒಪ್ಪಿದರು. ಒಂದೇ ಷರತ್ತು. ಈಕೆ ಕಲಿತ ನರ್ಸು, ನಡತೆ ಒಳ್ಳೆಯದು, ಕಳಿಸಲು ನಮ್ಮ ಅಡ್ಡಿಯಿಲ್ಲ ಎಂದು ನಿಮ್ಮ ಸರಕಾರ ಒಂದು ದಾಖಲೆ ಕೊಡಬೇಕು. ಅದು ಬರುವ ಮೇ ತಿಂಗಳು ಮುಗಿಯುವುದರೊಳಗೆ ನಮ್ಮ ಕೈಸೇರಬೇಕು. ಇಲ್ಲದಿದ್ದರೆ ಜಾಗ ಬೇರೆಯವರಿಗೆ.

ಕಾಗದ ಬಂದದ್ದು ಆಷಾಢದಲ್ಲಿ. ಹತ್ತು ತಿಂಗಳಿದೆಯಲ್ಲ, ಒಂದು ದಾಖಲೆಗೆ ಎಷ್ಟು ದಿನ ಬೇಕು ಎಂದೆ ನಾನು. ನಾನೂ ಮೂರ್ಖನೇ.

೧. ನಿಂತಲ್ಲೇ ಪರದೇಶಿ

ಅವಳು ಕಲಿಯುವಾಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಐವತ್ತಾರರ ನವೆಂಬರದಲ್ಲಿ ಮೈಸೂರಿಗೆ ಸೇರಿತು. ಸೇರಬೇಕೆಂದು ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ಸಕ್ಕರೆ ಹಂಚಿದೆವು, ಮಾಮಲೇದಾರರನ್ನು ತಹಶೀಲ್ದಾರರೆಂದು ಕರೆಯಲು ಕಲಿತೆವು. ನರ್ಸಬಾಯಿಯ ಸರ್ಟಿಫಿಕೇಟು ಮಾತ್ರ ಮುಂಬಯಿಯಲ್ಲೇ ಉಳಿಯಿತು ಎಂದು ಯಾರಿಗೂ ಹೊಳೆಯಲಿಲ್ಲ.

ದಾಖಲೆಗೆ ಮುಂಬಯಿಗೆ ಬರೆದೆ. ಒಂದೂವರೆ ತಿಂಗಳ ಮೇಲೆ ಉತ್ತರ: ‘ಅರ್ಜಿದಾರರು ಈಗ ಬೇರೆ ರಾಜ್ಯದವರು. ಅಲ್ಲಿಯೇ ವಿಚಾರಿಸುವುದು.’ ಹೊಸ ರಾಜ್ಯದ ಮೇಲಿನ ಕಚೇರಿಗೆ ಬರೆದೆ. ಉತ್ತರ: ‘ಅರ್ಜಿದಾರರು ಪರರಾಜ್ಯದಲ್ಲಿ ತರಬೇತಿ ಪಡೆದವರು. ನಮ್ಮ ಪಟ್ಟಿಯಲ್ಲಿಲ್ಲ.’

ಎರಡೂ ಕಾಗದ ಹಿಡಿದು ನಮ್ಮ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು, ನಮ್ಮ ಕಡೆ ಹೇಳುವ ಕಾರಕೂನರು, ತಣ್ಣಗಿನ ಮನುಷ್ಯ. ಎಲೆ ಅಡಿಕೆ ಬಾಯಿ, ಕಿವಿಯ ಮೇಲೆ ಪೆನ್ಸಿಲ್ಲು, ಕಚೇರಿಯ ಕಪಾಟಿನ ಕೀಲಿಕೈ ಜನಿವಾರದ ತುದಿಯಲ್ಲಿ. ಕಳೆಯಬಾರದೆಂದು ಅವರು ಅದನ್ನು ಮೈಯಿಂದ ಬಿಚ್ಚುತ್ತಲೇ ಇರಲಿಲ್ಲ. ಈ ಕಾರಕೂನರನ್ನೂ ಕೀಲಿಕೈಯನ್ನೂ ನೆನಪಿಟ್ಟುಕೊಳ್ಳಿ.

ಅವರು ಎರಡೂ ಕಾಗದ ಓದಿ, ಮಡಚಿ, ಮರಳಿಸಿ, ಮನೆಮಾತಿನಲ್ಲೇ ಹೇಳಿದರು: “ಎಂತ ಮಾಡಲೂ ಬತ್ತಿಲ್ಲೆ.” ಏನೂ ಮಾಡಲು ಬರುವುದಿಲ್ಲ ಎಂದರ್ಥ.

ನರ್ಸಬಾಯಿಗೆ ತಡೆಯಲಾಗಲಿಲ್ಲ. “ನಾ ಎಲ್ಲಿಗೂ ಹೋಗಿಲ್ರಿ. ಆರು ವರ್ಷದಿಂದ ಇದೇ ದವಾಖಾನ್ಯಾಗ ನಿಂತೇನ್ರಿ. ನಾ ಹ್ಯಾಂಗ ಪರದೇಶಿ ಆಗತೇನ್ರಿ?”

ಕಾರಕೂನರು ಕಿಟಕಿಯಿಂದ ಆಚೆ ಉಗಿದು ಬಂದು ಸಮಾಧಾನದಿಂದ ಹೇಳಿದರು: “ನೀನು ನಿಂತಲ್ಲೇ ನಿಂತಿದ್ದೆ, ತಂಗಿ. ರಾಜ್ಯವೇ ನಡೆದು ಹೋತು.”

ಕೊನೆಗೆ ಅವರೇ ದಾರಿ ಹೇಳಿದರು. ಈ ಕಚೇರಿಯಿಂದ ಶಿಫಾರಸು ಹೋದರೆ ಮೇಲಿನವರು ದಾಖಲೆಗೆ ಸಹಿ ಹಾಕಿ ಇಲ್ಲಿಗೇ ಕಳಿಸುತ್ತಾರೆ, ಇಲ್ಲಿಂದ ಕೈಗೆ ಕೊಡುವುದು. ಶಿಫಾರಸಿಗೆ ಮೊದಲು ನಡತೆಯ ವಿಚಾರಣೆ ಆಗಬೇಕು.

ಹೊರಗೆ ಬಂದು ನರ್ಸಬಾಯಿ ನನ್ನನ್ನು ಕೇಳಿದಳು: “ಅಣ್ಣಾರ, ಈ ರಾಜ್ಯ ಬೇಕಂತ ಕೂಗಿದವ್ರು ನೀವ ಹೌದಲ್ರಿ?”

ನಾನು ಚಪ್ಪಲಿ ಹುಡುಕತೊಡಗಿದೆ. ಅದು ಕಾಲಲ್ಲೇ ಇತ್ತು.

೨. ನಡತೆಯ ವಿಚಾರಣೆ

ವಿಚಾರಣೆಗೆ ಬಂದ ಪೋಲೀಸಪ್ಪ ಆ ದಿನ ಬಂದ ಕೆಲಸ ಗುಟ್ಟಾಗಿರಲಿ ಎಂದು ಡ್ರೆಸ್ಸು ಬಿಚ್ಚಿ ಪಂಚೆ ಉಟ್ಟಿದ್ದ. ನರ್ಸಬಾಯಿ ಬಾಡಿಗೆಗಿದ್ದ ಮನೆಯ ಅಜ್ಜಿಯ ಹತ್ತಿರ ಹೋಗಿ ನಯವಾಗಿ ಕೇಳಿದ: “ಅಮ್ಮಾ, ಇಲ್ಲಿರುವ ಹುಡುಗಿ ಹೇಗೆ? ನಡತೆ ಹೇಗೆ? ಖರೆ ಹೇಳಿ, ದೂರ ಕಳಿಸುವ ವಿಷಯ.”

ನಮ್ಮ ಕಡೆ ಪಂಚೆ ಉಟ್ಟವನೊಬ್ಬ ಬಂದು ಹುಡುಗಿಯ ನಡತೆ ಕೇಳಿದರೆ ಅದಕ್ಕೆ ಒಂದೇ ಅರ್ಥ. ಗಂಡಿನ ಕಡೆಯವನು. ಅಜ್ಜಿ ಮಂಡಿ ಹಿಡಿದುಕೊಂಡಿತು. ಈ ಹುಡುಗಿ ಮದುವೆಯಾಗಿ ಹೋದರೆ ತನ್ನ ಮಂಡಿನೋವಿಗೆ ವಾರಕ್ಕೊಂದು ಸೂಜಿ ಯಾರು ಕೊಡುತ್ತಾರೆ? ಸಂಬಂಧ ಮುರಿಯಲೇಬೇಕೆಂದು ನಿಶ್ಚಯಿಸಿ, ಬಂದವನಿಗೆ ಬೆಲ್ಲ ನೀರು ಕೊಟ್ಟು ಕೂರಿಸಿ, ಶುರುಮಾಡಿತು.

“ಅಯ್ಯೋ ತಮಾ, ಎಂತ ಹೇಳವು! ಅದು ರಾತ್ರಿ ಯಾರು ಕರೆದ್ರೂ ಹೋಗ್ತು. ಬೆಳಗಾದ ಮೇಲೆ ಬತ್ತು. ಪರಗಂಡಸ್ರ ಮೈ ಮುಟ್ಟಲೆ ಹೇಸ್ತಿಲ್ಲೆ. ಸೀರೆಗೆ ರಕ್ತ ಮಾಡ್ಕಂಡು ಬತ್ತು. ಸಾರಿಗೆ ಉಪ್ಪು ಹಾಕಲೂ ಗೊತ್ತಿಲ್ಲೆ. ನಿಂಗಳ ಮಾಣಿಗೆ ಬೇರೆ ಕೂಸು ನೋಡಿ.”

ಅಜ್ಜಿಯ ಮಾತಿನಲ್ಲಿ ಮಾಣಿ ಎಂದರೆ ಹುಡುಗ, ಕೂಸು ಎಂದರೆ ಹುಡುಗಿ. ಪೋಲೀಸಪ್ಪ ಒಂದಕ್ಷರ ಬಿಡದೆ ಬರೆದುಕೊಂಡ. ವಾರದ ಮೇಲೆ ಠಾಣೆಯ ಫೌಜದಾರರು ನಮ್ಮನ್ನು ಕರೆಸಿದರು. ಮುಖ ಗಂಟು. ವರದಿಯನ್ನು ಗಟ್ಟಿಯಾಗಿ ಓದಿದರು:

“ಅರ್ಜಿದಾರಳು ರಾತ್ರಿ ಯಾರು ಕರೆದರೂ ಹೋಗುತ್ತಾಳೆ. ಪರಗಂಡಸರ ಮೈ ಮುಟ್ಟುತ್ತಾಳೆ. ರಕ್ತದ ಕಲೆಯ ಸೀರೆ ಉಟ್ಟು ಬರುತ್ತಾಳೆ. ಸಾರಿಗೆ ಉಪ್ಪು ಇರುವುದಿಲ್ಲ.” ಓದಿ ಕನ್ನಡಕ ತೆಗೆದರು. “ಏನ್ರೀ ಇದು? ಇಂಥವರನ್ನ ವಿಲಾಯತಿಗೆ ಕಳಿಸಿ ಅಂತೀರಾ?”

“ಸಾಹೇಬರೇ, ಇದು ನಡತೆಯಲ್ಲ, ಕೆಲಸ! ಹೆರಿಗೆಗೆ ರಾತ್ರಿ ಹಗಲು ಇರುತ್ತದಾ? ಮೈ ಮುಟ್ಟದೆ ಸೂಜಿಯನ್ನು ಟಪಾಲಿನಲ್ಲಿ ಕಳಿಸಲಿಕ್ಕೆ ಬರುತ್ತದಾ?” ಎಂದು ಮೇಜು ಗುದ್ದಿದೆ. ನಾನು ಮೇಜು ಗುದ್ದಿದರೆ ಯಾವ ಕೆಲಸವೂ ಆಗುವುದಿಲ್ಲ. ಅಭ್ಯಾಸಬಲ.

ನರ್ಸಬಾಯಿ ಮೇಜು ಗುದ್ದಲಿಲ್ಲ. ಬಾಗಿಲ ಹತ್ತಿರ ಅಟೆನ್ಶನ್ನಿನಲ್ಲಿ ನಿಂತಿದ್ದ ಪೋಲೀಸಪ್ಪನ ಕಡೆ ನೋಡಿದಳು. “ಸಾಹೇಬ್ರ, ನಾ ಮೈ ಮುಟ್ಟಿದ ಗಂಡಸ್ರ ಯಾದಿ ಬೇಕಂದ್ರ ಬರದು ಕೊಡತೇನ್ರಿ. ಮೊದಲನೇ ಹೆಸರು ಇವರದ. ಹೋದ ಬ್ಯಾಸಗ್ಯಾಗ ಕುರ ಆಗಿತ್ತು, ನಾನ ಕೊಯ್ದೆ. ಎಲ್ಲಿ ಅಂತನೂ ಬರೀಲೇನ್ರಿ?”

ಫೌಜದಾರರು ಪೋಲೀಸಪ್ಪನನ್ನು ನೋಡಿದರು. ಅವನು ಗೋಡೆಯ ಕ್ಯಾಲೆಂಡರು ನೋಡಿದ. ಐದು ನಿಮಿಷದಲ್ಲಿ ‘ನಡತೆ ಅತ್ಯುತ್ತಮ’ ಎಂಬ ಹೊಸ ವರದಿ ತಯಾರಾಯಿತು.

ಅಜ್ಜಿಗೆ ವಿಷಯ ತಿಳಿಸಿದೆವು. ಮದುವೆಯಲ್ಲ, ನೌಕರಿಯ ವಿಚಾರಣೆ ಎಂದೆವು. ಅಜ್ಜಿ ಬಾಯಿ ಬಿಟ್ಟುಕೊಂಡು ಕೂತಿತು. “ಮದುವೆ ಅಲ್ದಾ? ಮೊದಲೇ ಹೇಳಲಾಗಿತ್ತಿಲ್ಲೆಯಾ? ಹಂಗಾರೆ ಕೂಸು ಚಿನ್ನ!”

೩. ಸೂಜಿ ಬಸ್ಸು

ಶಿಫಾರಸು ಮೇಲೆ ಹೋಯಿತು. ದಸರೆ ಕಳೆಯಿತು, ದೀಪಾವಳಿ ಕಳೆಯಿತು. ವಾರಕ್ಕೊಮ್ಮೆ ಕಚೇರಿಗೆ ಹೋಗುವುದು, ಕಾರಕೂನರು “ಇನ್ನೂ ಬಂಜಿಲ್ಲೆ” ಎನ್ನುವುದು. ಬಂದಿಲ್ಲ ಎಂದಮೇಲೆ ಬಂದಿಲ್ಲ. ಅಷ್ಟರಲ್ಲಿ ವಿಲಾಯತಿಯವರು ಎದೆಯ ಎಕ್ಸರೇ ಕೇಳಿದರು. ಅದಕ್ಕೆ ಹುಬ್ಬಳ್ಳಿಗೇ ಹೋಗಬೇಕು. ಡಾಕ್ಟರು ಬಹಳ ಹೇಳಿಸಿಕೊಂಡು ಎರಡು ದಿನ ರಜೆ ಕೊಟ್ಟರು. ನಾನೂ ಜೊತೆಗೆ ಹೊರಟೆ. ಅಲ್ಲಿ ಎಕ್ಸರೇ ಖೋಲಿ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕುತ್ತದೆ.

ಬೆಳಗಿನ ಬಸ್ಸಿನ ಡ್ರೈವರು ಯಲ್ಲಾಪುರದ ಸಾಬರು, ಬಿಳಿ ಗಡ್ಡದವರು. ಅವರ ಮೂರು ಮೊಮ್ಮಕ್ಕಳೂ ನರ್ಸಬಾಯಿಯ ಕೈಯಲ್ಲೇ ಹುಟ್ಟಿದವು. “ಬೇಟಿ ನನ್ನ ಬಸ್ಸಲ್ಲಿ ಬರ್ತಾಳೆ” ಎಂದು ಹಿಂದಿನ ದಿನವೇ ದಾರಿಯುದ್ದಕ್ಕೂ ಹೆಮ್ಮೆಯಿಂದ ಹೇಳಿಕೊಂಡು ಹೋಗಿದ್ದರು. ಅದೇ ಅನಾಹುತ.

ಮಂಚಿಕೇರಿಯಲ್ಲಿ ಒಬ್ಬ ಮುದುಕರು ಅಂಗಿಯ ತೋಳು ಮೇಲಕ್ಕೆ ಸರಿಸಿ ರಸ್ತೆಯ ಮಧ್ಯ ನಿಂತಿದ್ದರು. ಕೈಯಲ್ಲಿ ಸೂಜಿಮದ್ದಿನ ಶೀಶೆ. ಬಸ್ಸು ನಿಂತಿತು. ಹತ್ತು ನಿಮಿಷ. ಮುಂದಿನ ತಿರುವಿನಲ್ಲಿ ಒಬ್ಬಳು ಬಾಣಂತಿ. ಅದರಾಚೆ ಕಾಲು ಸುಟ್ಟುಕೊಂಡವನು. ಯಲ್ಲಾಪುರದಲ್ಲಿ ನೋಡಿದರೆ ಸಾಲೇ ಇತ್ತು, ಸಾಲಿನ ಮೊದಲಿಗೆ ಡ್ರೈವರ ಸಾಬರ ತಾಯಿ ಕುರ್ಚಿ ಹಾಕಿಕೊಂಡು ಕೂತಿದ್ದರು. ರಸ್ತೆಯ ಬದಿಗೇ ಒಂದು ಸ್ಟೋವು ತಂದಿಟ್ಟು ಸೂಜಿ ಕುದಿಸಲು ನೀರು ಕಾಯಿಸುತ್ತಿದ್ದರು.

ನಾನು ಗಡಿಯಾರ ನೋಡಿ ನೋಡಿ ಕೂಗಿದೆ. ನನಗಿಂತ ಜೋರಾಗಿ ಕೂಗಿದವರು ಒಬ್ಬ ಅಡಿಕೆ ವ್ಯಾಪಾರಿ. ಹುಬ್ಬಳ್ಳಿ ಕೋರ್ಟಿನಲ್ಲಿ ಅವರ ಕೇಸಿತ್ತು. “ಏ ಸಾಬ್ರೇ, ಇದೇನು ಬಸ್ಸೋ ದವಾಖಾನೆಯೋ? ನಾನು ಮೇಲಿನವರಿಗೆ ಬರೆಯುತ್ತೇನೆ!” ಎಂದರು. ಭೇಷ್, ಜೊತೆಗೊಬ್ಬ ಸಿಕ್ಕ ಎಂದುಕೊಂಡೆ. ಅವರು ಐದು ನಿಮಿಷ ಬಿಟ್ಟು ನರ್ಸಬಾಯಿಯ ಹತ್ತಿರ ಹೋಗಿ ತಲೆ ವಾಲಿಸಿದರು: “ಸಿಸ್ಟರ್, ಹೇಗೂ ನಿಂತಿದೆ. ನನ್ನ ಈ ಎಡಗಿವಿ ಒಂಚೂರು ನೋಡಿ.”

ಹುಬ್ಬಳ್ಳಿ ಮುಟ್ಟಿದಾಗ ಎಕ್ಸರೇ ಖೋಲಿಗೆ ಬೀಗ ಬಿದ್ದು ಎರಡು ತಾಸಾಗಿತ್ತು. ನರ್ಸಬಾಯಿ ಆ ಬೀಗವನ್ನು ಒಮ್ಮೆ ಎಳೆದು ನೋಡಿದಳು. ಉಳಿದದ್ದು ಒಂದೇ ದಿನದ ರಜೆ. ಉಳಿಯಲು ಹುಬ್ಬಳ್ಳಿಯಲ್ಲಿ ಗುರುತಿನವರಿಲ್ಲ. ಅದೇ ಬಸ್ಸಿನಲ್ಲಿ ವಾಪಸು ಬಂದೆವು. ಡ್ರೈವರ ಸಾಬರು ದಾರಿಯುದ್ದಕ್ಕೂ ಸ್ಟೇರಿಂಗಿಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. “ಮಾಫ್ ಮಾಡು ಬೇಟಿ. ನಾಳೆ ನೋಡು. ನಾಳೆ ಖುದಾ ಬಂದು ಕೈ ಅಡ್ಡ ಹಿಡಿದ್ರೂ ನಿಲ್ಸೋದಿಲ್ಲ.”

ಮಾತಿನಂತೆ ನಡೆದುಕೊಂಡರು. ಮರುದಿನ ಹನ್ನೊಂದಕ್ಕೆ ಮೊದಲೇ ಹುಬ್ಬಳ್ಳಿ. ಎಕ್ಸರೇ ಆಯಿತು, ಎದೆ ಸ್ವಚ್ಛ. ಇಳಿಯುವಾಗ ನೋಡಿದರೆ ಒಳಗೆ ಹದಿನಾಲ್ಕು ಮಂದಿ ಮುಖ ಸಣ್ಣದು ಮಾಡಿ ಕೂತಿದ್ದಾರೆ. ಅವರು ಯಲ್ಲಾಪುರದ ಸಂತೆಗೆ ಹೊರಟವರು.

೪. ಬೀಳ್ಕೊಡುಗೆ

ಎಕ್ಸರೇ ಆದ ಸುದ್ದಿ ಸಿದ್ದಾಪುರ ಮುಟ್ಟುವಾಗ ನರ್ಸಬಾಯಿ ಹಡಗು ಹತ್ತಿದಳು ಎಂದೇ ಆಗಿತ್ತು. ಅಲ್ಲಿಯೂ ಅವಳು ಪ್ರತಿ ಗುರುವಾರ ಹೋಗಿ ಬಾಣಂತಿಯರನ್ನು ನೋಡುತ್ತಿದ್ದಳು. ಊರಿನ ದೊಡ್ಡವರು ಸೇರಿ ಬೀಳ್ಕೊಡುಗೆ ಇಟ್ಟರು. ದಾಖಲೆಯೇ ಬಂದಿಲ್ಲ ಎಂದರೆ ಕೇಳಲಿಲ್ಲ. “ಹಾರ ಕಟ್ಟಿಸಿ ಆಗಿದೆ, ಬಾಡುತ್ತದೆ” ಎಂದರು.

ವೇದಿಕೆಯ ಮೇಲೆ ಏಳು ಕುರ್ಚಿ, ಏಳು ದೊಡ್ಡವರು. ನರ್ಸಬಾಯಿ ಪಕ್ಕಕ್ಕೆ ನಿಂತಿದ್ದಳು. ನಿಂತೇ ಹಾರ, ನಿಂತೇ ಶಾಲು. ಒಬ್ಬೊಬ್ಬರೂ ಎದ್ದು ನಮ್ಮ ಮನೆಯ ಇಂಥ ಹೆರಿಗೆ, ಅಂಥ ಜ್ವರ ಎಂದು ಹೊಗಳಿದರು. ಹೊಗಳುತ್ತ ಹೊಗಳುತ್ತ ಅವರಿಗೇ ಹೆದರಿಕೆ ಹತ್ತಿತು. ಈ ಹುಡುಗಿ ಹೋದರೆ ಮುಂದೆ ಯಾರು? ಕೊನೆಗೆ ಒಬ್ಬರು ಎದ್ದು, “ಇಂಥ ನರ್ಸಬಾಯಿ ನಮ್ಮನ್ನು ಬಿಟ್ಟು ಹೋಗಕೂಡದೆಂದು ಈ ಬೀಳ್ಕೊಡುಗೆ ಸಭೆ ಠರಾವು ಮಾಡುತ್ತದೆ” ಎಂದರು. ಎಲ್ಲರೂ ಕೈ ಎತ್ತಿದರು. ಶಾಲು ಹೊದ್ದ ನರ್ಸಬಾಯಿ ಗಾಬರಿಯಾಗಿ ನನ್ನನ್ನು ನೋಡಿದಳು.

ನನಗೆ ಠರಾವಿಗಿಂತ ಆ ಏಳು ಕುರ್ಚಿ ಉರಿಯಿತು. ಅಧ್ಯಕ್ಷರು ಕೊನೆಯ ಮಾತಿಗೆ ಎದ್ದ ಕೂಡಲೇ ವೇದಿಕೆ ಹತ್ತಿದೆ. ಅವರ ಕುರ್ಚಿ ಎಳೆದು ನರ್ಸಬಾಯಿಯ ಹಿಂದೆ ಇಟ್ಟು “ಕೂರು, ತಂಗಿ” ಎಂದೆ. ಜನ ಚಪ್ಪಾಳೆ ತಟ್ಟಿದರು. ಅವಳು ಮಾತ್ರ ಕೂರಲಿಲ್ಲ. “ನಿಮ್ಮ ಸಿಟ್ಟಿನ ಕುರ್ಚಿ ಬ್ಯಾಡ್ರಿ ಅಣ್ಣಾರ. ನನ್ನ ಹಕ್ಕಿನ ಕುರ್ಚಿ ಬೇಕು” ಎಂದು ಮೆಲ್ಲಗೆ ಹೇಳಿ ಅದನ್ನು ಎದುರು ನಿಂತಿದ್ದ ಬಸುರಿಯೊಬ್ಬಳಿಗೆ ಕೊಟ್ಟಳು.

ಇತ್ತ ಅಧ್ಯಕ್ಷರು ಭಾಷಣ ಮುಗಿಸಿ ಹಿಂದೆ ನೋಡಿದರು. ಕುರ್ಚಿಯಿಲ್ಲ. ಇಷ್ಟು ಜನರೆದುರು ನೆಲಕ್ಕೆ ಕೂರುವಂತಿಲ್ಲ, ಸುಮ್ಮನೆ ನಿಲ್ಲುವಂತಿಲ್ಲ. ಮತ್ತೆ ಮಾತಿಗೆ ಶುರುಮಾಡಿದರು. ಒಂದೂವರೆ ತಾಸು ಮಾತಾಡಿದರು. ಸಿದ್ದಾಪುರದ ಜನರೇ, ಅದು ನನ್ನ ತಪ್ಪು. ಕ್ಷಮಿಸಿ.

೫. ಕೀಲಿಕೈ

ಶಿವರಾತ್ರಿ ಕಳೆಯಿತು, ಯುಗಾದಿ ಕಳೆಯಿತು. ಕಾರಕೂನರದು ಅದೇ ಮಾತು, “ಬಂಜಿಲ್ಲೆ.” ಮೇ ತಿಂಗಳ ಮೊದಲ ವಾರ ನಾನು ಮೇಲಿನ ಕಚೇರಿಗೆ ಬೈದು ಬರೆದ ಕಾಗದಕ್ಕೆ ಉತ್ತರ ಬಂತು. ಎರಡೇ ಸಾಲು: ‘ಸದರಿ ದಾಖಲೆಗೆ ಹೋದ ನವೆಂಬರದಲ್ಲೇ ಸಹಿಯಾಗಿ ನಿಮ್ಮೂರ ಕಚೇರಿಗೆ ಕಳಿಸಲಾಗಿದೆ. ಪದೇ ಪದೇ ಬರೆಯಬಾರದು.’

ಓದಿದವನೇ ಕಚೇರಿಗೆ ಓಡಿದೆ. ನರ್ಸಬಾಯಿ ಹಿಂದೆಯೇ ಬಂದಳು. ಉತ್ತರವನ್ನು ಕಾರಕೂನರ ಮುಖದೆದುರು ಹಿಡಿದೆ. ಅವರು ಸುಳ್ಳು ಹೇಳಲಿಲ್ಲ. ಕಪಾಟಿನ ಕಡೆ ಕಣ್ಣು ಹಾಯಿಸಿ, “ಇದ್ದು” ಎಂದರು.

“ಇದ್ದು ಅಂದರೆ? ಆರು ತಿಂಗಳು ಬಂದಿಲ್ಲ ಅಂದಿರಲ್ಲ!”

“ಕೂಗಡ. ಹಿರೀ ಮಗಳು ಬಸುರಿ ಹೇಳಿ ಸುದ್ದಿ ಬಂದ ವಾರವೇ ಈ ಕಾಗದ ಬಂತು. ಚೊಚ್ಚಲು ತವರಲ್ಲೇ ಆಗವು. ಇವಳು ಹೋದ್ರೆ ನನ್ನ ಕೂಸಿಗೆ ಯಾರಿದ್ದ?” ಹೇಳುತ್ತ ಅವರ ದನಿ ಸಣ್ಣಗಾಯಿತು. “ನನ್ನ ತಂಗಿ ಚೊಚ್ಚಲಲ್ಲೇ ಹೋತು. ಇನ್ನೊಂದೇ ವಾರ. ಹೆರಿಗೆ ಆದ ಮರುದಿನವೇ ಕೊಡ್ತೆ. ಕಾಗದ ಎಲ್ಲೂ ಓಡಿ ಹೋಗ್ತಿಲ್ಲೆ.”

ಅವರ ಭಯ ನನಗೆ ತಿಳಿಯಿತು. ಆದರೆ ಭಯವಿರುವವರೆಲ್ಲ ಇನ್ನೊಬ್ಬರ ಬಾಳಿಗೆ ಬೀಗ ಹಾಕಬಹುದಾ? ಹೊರಗೆ ಬಂದು ನರ್ಸಬಾಯಿಗೆ ಹೇಳಿದೆ: “ಕಾಗದ ಕೈಗೆ ಬರುವ ತನಕ ಆ ಮನೆಗೆ ಕಾಲಿಡಬೇಡ. ಆಗ ತಾನಾಗಿ ಕಪಾಟು ತೆಗೆಯುತ್ತಾರೆ.”

ಅವಳು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. “ಅಣ್ಣಾರ, ಬೀಗ ಹಾಕಿದ್ದು ಅಜ್ಜ. ಹೊಟ್ಯಾಗಿನ ಕೂಸೇನ್ ಕಾರಕೂನಿಕಿ ಮಾಡೇತೇನ್ರಿ?”

ಹೆರಿಗೆಯ ನೋವು ಒಂದು ಬೆಳಗ್ಗೆ ಶುರುವಾಯಿತು. ಮಗು ಕಾಲು ಮುಂದಾಗಿ ಬರುತ್ತಿತ್ತು. ಡಾಕ್ಟರು ಕಾರವಾರಕ್ಕೆ ಹೋಗಿದ್ದರು. ನರ್ಸಬಾಯಿ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನ ತನಕ ಒಂದು ಗುಟುಕು ನೀರು ಕುಡಿಯದೆ ನಿಂತಳು. ಆ ಮನೆಯೊಳಗೆ ಅವಳು ಬಂದದ್ದು ಹಿತ್ತಿಲ ಬಾಗಿಲಿನಿಂದ. ಹೆರಿಗೆ ಮಾಡಿಸುವವರು ಮುಂಬಾಗಿಲಲ್ಲಿ ಬರುವ ಪದ್ಧತಿಯಿಲ್ಲವಂತೆ. ಮಗು ಉಳಿಯಿತು, ತಾಯಿ ಉಳಿದಳು. ಗಂಡುಮಗು. ಅಂದು ಆ ದಾಖಲೆಗೆ ಇನ್ನೂ ಎರಡು ದಿನ ಜೀವವಿತ್ತು. ಅದು ನಮಗೆ ಆಗ ಗೊತ್ತಿರಲಿಲ್ಲ.

ಮರುದಿನ ಕಚೇರಿಗೆ ಹೋದರೆ ಕಾರಕೂನರಿಲ್ಲ. ಮನೆಯಲ್ಲಿ ಮಗು ಹುಟ್ಟಿದರೆ ಮೈಲಿಗೆ, ಈ ಕಡೆ ಅಮೆ ಎನ್ನುತ್ತಾರೆ. ಮಗಳ ಹೆರಿಗೆಯಾದ್ದರಿಂದ ಮೂರು ದಿನ. ಮೂರು ದಿನ ಅವರು ಯಾರನ್ನೂ ಮುಟ್ಟುವಂತಿಲ್ಲ, ಕಚೇರಿಗೆ ಬರುವಂತಿಲ್ಲ. ಕೀಲಿಕೈ ಅವರ ಜನಿವಾರದಲ್ಲಿ. ಕೂಸು ಹುಟ್ಟಿದರೆ ಕಪಾಟು ತೆಗೆಯುತ್ತದೆ ಎಂದಿದ್ದರು. ಕೂಸು ಹುಟ್ಟಿದ್ದರಿಂದಲೇ ಕಪಾಟು ಮುಚ್ಚಿತು!

ನಾಲ್ಕನೇ ದಿನ ಬಂದರು. ಸ್ನಾನವಾಗಿ, ಗಂಧ ಹಚ್ಚಿ, ಕೈಯಲ್ಲಿ ಪೇಡೆಯ ಪೊಟ್ಟಣ. “ತಗ ತಂಗಿ, ಬಾಯಿ ಸಿಹಿ ಮಾಡ್ಕ” ಎಂದು ನರ್ಸಬಾಯಿಗೆ ಮೊದಲು ಕೊಟ್ಟರು. ಆಮೇಲೆ ಕಪಾಟಿನ ಎದುರು ನಿಂತು ಅಂಗಿಯೊಳಗೆ ಕೈ ಹಾಕಿ ಜನಿವಾರ ಎಳೆದರು.

ಹೊಚ್ಚ ಹೊಸ ಜನಿವಾರ. ಬೆಳ್ಳಗೆ, ಹಗುರಾಗಿ ಬಂತು. ತುದಿಯಲ್ಲಿ ಏನೂ ಇಲ್ಲ.

ಅವರ ಮುಖದ ಬಣ್ಣ ಜನಿವಾರಕ್ಕಿಂತ ಬೆಳ್ಳಗಾಯಿತು. ಅಮೆ ಕಳೆದ ಮೇಲೆ ಹಳೇ ಜನಿವಾರ ತೆಗೆದು ನೀರಿಗೆ ಬಿಡಬೇಕು, ಹೊಸದು ಹಾಕಿಕೊಳ್ಳಬೇಕು. ಬೆಳಗ್ಗೆ ಹೊಳೆಯಲ್ಲಿ ಮಿಂದು, ಮಂತ್ರ ಹೇಳಿ, ಕಣ್ಣು ಮುಚ್ಚಿ ಭಕ್ತಿಯಿಂದ ಬಿಟ್ಟಿದ್ದರು. ಜನಿವಾರದ ಜೊತೆ ಸರಕಾರದ ಕೀಲಿಕೈಯೂ ಹೊಳೆ ಸೇರಿತ್ತು.

ಆ ದಿನ ಕಚೇರಿಗೆ ಕಚೇರಿಯೇ ಪಂಚೆ ಎತ್ತಿ ಕಟ್ಟಿ ಹೊಳೆಗಿಳಿಯಿತು. ಮಡುವಿನಲ್ಲಿ ಕಾಲಾಡಿಸಿದರು, ಮರಳು ಜಾಲಾಡಿದರು. ಒಂದು ತಾಮ್ರದ ಚೊಂಬು ಸಿಕ್ಕಿತು, ಎರಡು ಏಡಿ ಕಚ್ಚಿದವು. ಕೀಲಿಕೈ ಸಿಗಲಿಲ್ಲ.

“ಬೀಗ ಒಡೆಯಿರಿ” ಎಂದೆ ನಾನು.

“ಸರಕಾರಿ ಬೀಗ! ಮೇಲಿನ ಹುಕುಂ ಇಲ್ಲದೆ ಮುಟ್ಟಲೆ ಬತ್ತಿಲ್ಲೆ” ಎಂದರು ಕಾರಕೂನರು. ಮೇಲಕ್ಕೆ ಬರೆದರು. ಉತ್ತರಕ್ಕೆ ಮೂರು ವಾರವಂತೆ. ಮೇ ಮುಗಿಯಲು ಉಳಿದದ್ದು ಹದಿಮೂರು ದಿನ. ವಿಮಾನದ ಟಪಾಲಿಗೇ ಎಂಟು ದಿನ ಬೇಕು.

ನಾನು ಮೆಟ್ಟಿಲ ಮೇಲೆ ಕೂತೆ. ಊಟ ಬಿಟ್ಟೆ. ಎರಡು ದಿನ ಕೂತೆ. ಜನ ಬಂದು ನೋಡಿ, ಅಯ್ಯೋ ಎಂದು ಹೋದರು. ಅಯ್ಯೋ ಎನ್ನುವವರಿಗೆ ನಮ್ಮಲ್ಲಿ ಕಡಮೆಯಿಲ್ಲ.

ಮೂರನೇ ದಿನ ಹನ್ನೊಂದು ಗಂಟೆಗೆ ದೂರದಿಂದ ಒಬ್ಬ ಹೆಂಗಸು ಬಿರುಬಿರು ಬರುವುದು ಕಂಡಿತು. ಸೆರಗು ಸೊಂಟಕ್ಕೆ, ಹೆಗಲ ಮೇಲೆ ಅವಲಕ್ಕಿ ಕುಟ್ಟುವ ಒನಕೆ. ಕಾರಕೂನರ ಹೆಂಡತಿ. ಆ ಕಚೇರಿಯ ಮೆಟ್ಟಿಲನ್ನು ಅವರು ಜನ್ಮದಲ್ಲಿ ತುಳಿದವರಲ್ಲ. ಬಾಣಂತಿಗೆ ನೀರು ಹಾಕಲು ಹೋಗಿದ್ದ ನರ್ಸಬಾಯಿಯ ಕಣ್ಣು ಕೆಂಪಗಿದ್ದುದು ನೋಡಿ, ಒತ್ತಾಯ ಮಾಡಿ ಕೇಳಿ, ಆಗಷ್ಟೇ ಎಲ್ಲ ತಿಳಿದುಕೊಂಡಿದ್ದರು. ನರ್ಸಬಾಯಿ “ಬ್ಯಾಡ್ರಿ ಅಮ್ಮಾ, ಬ್ಯಾಡ್ರಿ” ಎನ್ನುತ್ತ ಹಿಂದೆ ಓಡಿ ಬರುತ್ತಿದ್ದಳು.

ಕಾರಕೂನರು ಕಪಾಟಿಗೆ ಬೆನ್ನು ಕೊಟ್ಟು ನಿಂತರು. “ಹೇ, ಎಂತ ಇದು? ಸರಕಾರಿ ಬೀಗ! ಮೇಲಿನ ಹುಕುಂ ಬೇಕು!”

“ಮನೇಲಿ ಇಪ್ಪತ್ತೈದು ವರ್ಷದಿಂದ ಯಾರ ಹುಕುಂ ನಡೀತಾ ಇದ್ದು?” ಎಂದರು ಅಮ್ಮ. “ಅದಕ್ಕಿಂತ ಮೇಲಿನದು ಯಾವುದಿದ್ದು? ಬದಿಗೆ ಸರೀರಿ.”

ಅವರು ಸರಿದರು. ಎರಡು ಪೆಟ್ಟಿಗೆ ಬೀಗ ನೆಲ ಕಚ್ಚಿತು.

ಅಮ್ಮ ಒನಕೆ ಗೋಡೆಗಾನಿಸಿ, ಗಂಡನ ಕುರ್ಚಿ ಎಳೆದು, ನರ್ಸಬಾಯಿಯ ಹೆಗಲು ಹಿಡಿದು ಕೂರಿಸಿದರು. “ಮೊದಲು ಕೂತ್ಕ. ಆಮೇಲೆ ಓದು.” ಆರು ವರ್ಷದಲ್ಲಿ ಅವಳು ಸರಕಾರದ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಕಾಗದ ತೆರೆದಳು. ಸಹಿಯಿತ್ತು, ಮೊಹರಿತ್ತು, ‘ನಡತೆ ಅತ್ಯುತ್ತಮ’ ಇತ್ತು. ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ‘ಈ ದಾಖಲೆ ಸಹಿಯಾದ ದಿನದಿಂದ ಆರು ತಿಂಗಳು ಮಾತ್ರ ಊರ್ಜಿತ.’ ಆರು ತಿಂಗಳು ತುಂಬಿ ಐದನೇ ದಿನ ಅದು.

ಕಾರಕೂನರು ಪೇಡೆಯ ಪೊಟ್ಟಣವನ್ನು ಮೇಜಿನ ಕೆಳಗೆ ಸರಿಸಿದರು.

ವಿಲಾಯತಿಯ ಆ ಜಾಗ ಹೋಯಿತು. ಫಿಲಿಪೈನ್ಸ್ ಎಂಬ ದ್ವೀಪದೇಶದ ನರ್ಸೊಬ್ಬಳು ಅದಕ್ಕೆ ಬಂದಳೆಂದು ಗೆಳತಿ ಬರೆದಳು. ಬರಲಿ, ಆ ತಾಯಿಗೆ ಒಳ್ಳೆಯದಾಗಲಿ. ಅವಳ ಊರಿನ ಕಾರಕೂನನಿಗೆ ಹೆಣ್ಣುಮಕ್ಕಳಿರಲಿಲ್ಲ ಎಂದು ಕಾಣುತ್ತದೆ.

ಆದರೆ ಆಸ್ಪತ್ರೆಯವರು ಬಾಗಿಲು ಪೂರಾ ಹಾಕಲಿಲ್ಲ. ಬರುವ ವರ್ಷ ಇನ್ನೊಂದು ಜಾಗವಿದೆ, ಹೊಸ ದಾಖಲೆ ಬೇಕು ಎಂದಿದ್ದಾರೆ. ಹೊಸ ಅರ್ಜಿ ಬರೆದೆವು. ಮೇಲೆ ಹೋಯಿತು, ಸಹಿಯಾಯಿತು, ಕೆಳಗೆ ಬಂತು. ಬಂದದ್ದನ್ನು ನಾನೇ ಟಪಾಲಿನವನ ಕೈಯಲ್ಲಿ ನೋಡಿದ್ದೇನೆ. ಕಪಾಟಿಗೆ ಹೊಸ ಬೀಗ ಬಂದಿದೆ. ಕೀಲಿಕೈ ಹೊಸ ಜನಿವಾರದಲ್ಲಿದೆ. ಅಮ್ಮ ಕೀಲಿಕೈಗಾಗಿ ಗಂಡನ ಜೊತೆ ಜಗಳವಾಡಿ ಈ ಸಲ ಸೋತು, ಈಗ ಹಿರಿಯ ಮಗಳ ಮನೆಗೆ ಮೊಮ್ಮಗನನ್ನು ನೋಡಲು ಹೋಗಿದ್ದಾರೆ. ಕಾರಕೂನರು ನಿನ್ನೆ ನನ್ನ ಕಣ್ಣು ತಪ್ಪಿಸಿ, “ಇನ್ನೂ ಬಂಜಿಲ್ಲೆ” ಎಂದರು.

ಅವರ ಎರಡನೇ ಮಗಳು ಈಗ ನಾಲ್ಕು ತಿಂಗಳ ಬಸುರಿ.

ಓದಿ ನಕ್ಕಿರಿ. ಸಾಕು. ನಿಮ್ಮ ಮನೆಯಲ್ಲಿ ಈ ನರ್ಸಬಾಯಿಯ ಕೈಯಲ್ಲಿ ಹುಟ್ಟಿದ ಒಂದು ಮಗುವಿದ್ದರೆ, ಅವಳ ಸೂಜಿಯಿಂದ ಇಳಿದ ಒಂದು ಜ್ವರವಿದ್ದರೆ, ಬರುವ ಸೋಮವಾರ ಕಚೇರಿ ಬಾಗಿಲು ತೆಗೆಯುವ ಹೊತ್ತಿಗೆ ಬನ್ನಿ. ಯಾವ ಕಚೇರಿ ಎಂದು ಕೇಳಬೇಡಿ, ನಿಮಗೆ ಗೊತ್ತಿದೆ. ಹಾರ ತರಬೇಡಿ, ಶಾಲು ತರಬೇಡಿ, ಅಯ್ಯೋ ಎನ್ನಲು ಬರಬೇಡಿ. ಕಾಗದ ಅವಳ ಕೈಗೆ ಬರುವ ತನಕ ನನ್ನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂರಿ. ಮನೆಯಲ್ಲಿ ಒನಕೆ ಇದ್ದವರು ಅದನ್ನೂ ತನ್ನಿ.